ಚಿಕ್ಕಪ್ಪನ ಕಾರಿಗೆ ಅಜ್ಜಿಯ ಲಟ್ಟಣಿಗೆ

ಈಗ ನನಗೆ ಮೀಸೆ ಚಿಗುರಿದೆ. ಬಾಲ್ಯದ ನೆನಪು ಬರೆಯಲು ಅಷ್ಟು ಸಾಕು. ನಾನು ಏಳನೇ ಕ್ಲಾಸಿನಲ್ಲಿದ್ದ ಆ ಕಾಲದಲ್ಲಿ ಚಿಕ್ಕಪ್ಪ ಮನೆಗೆ ಬರುವುದು ಇಡೀ ಚಾಮರಾಜಪೇಟೆಗೆ ಕೇಳಿಸುತ್ತಿತ್ತು. ಅವನದು ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಅದರ ಹಿಂದಿನ ಆಕ್ಸಲ್ಲಿನ ಗುರ್ರೆನ್ನುವ ಸದ್ದಿಗೆ ಬೀದಿನಾಯಿಗಳು ಎದ್ದು ಸಾಲಾಗಿ ನಿಂತು ದಾರಿ ಬಿಡುತ್ತಿದ್ದವು. ಕಾರು ಮೂಲೆ ತಿರುಗುವಾಗಲೇ ಅಜ್ಜಿ ಕಾವಲಿಗೆ ಹಿಟ್ಟು ಹುಯ್ಯುತ್ತಿದ್ದಳು. ಅವನು ಚಪ್ಪಲಿ ಬಿಡುವಷ್ಟರಲ್ಲಿ ತುಪ್ಪದ ಘಮ, ಗರಿಗರಿ ದೋಸೆ.

ಗಣೇಶನ ಹಬ್ಬಕ್ಕೆ ಮುಂಚೆ ವೈಯಾಲಿಕಾವಲಿನಿಂದ ಒಬ್ಬರು ಕಾರು ಕೊಳ್ಳಲು ಬಂದರು. ಒಂದು ಸುತ್ತು ಓಡಿಸಿ, ಆಕ್ಸಲ್ಲಿನ ಮಧ್ಯದ ಉಂಡೆಯೊಳಗೆ ಚಕ್ರ ತಿರುಗಿಸುವ ಕ್ರೌನ್-ಪಿನಿಯನ್ ಗೇರುಗಳ ಹಲ್ಲು ಸವೆದಿದೆ, ಆ ಸಾಮಾನು ಇನ್ನು ಭೂಮಿಯ ಮೇಲೆ ಸಿಗುವುದಿಲ್ಲ, ಭಾನುವಾರ ಬಂದು ಒಯ್ಯುತ್ತೇನೆ ಎಂದರು. ಅದು ನಿಜವಾದರೆ ಮಾರುವುದೇ ಸರಿ ಎಂದ ಚಿಕ್ಕಪ್ಪ. ಆಮೇಲೆ ಅವನು ಕೂತಲ್ಲಿ ಕೂರಲಿಲ್ಲ. ಒಂದೇ ನಟ್ಟನ್ನು ಬಿಚ್ಚುವುದು, ಬಿಗಿಯುವುದು, ಗೇಟಿನವರೆಗೆ ಹೋಗಿ ಬರುವುದು. ಅವನ ಪಾಲಿನ ದೋಸೆಗಳನ್ನು ನಾನೇ ತಿನ್ನಬೇಕಾಯಿತು.

ಶನಿವಾರ ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಗೇರು ಹಾಕಿ ಚಕ್ರ ತಿರುಗಲು ಬಿಟ್ಟ. ಡಾಕ್ಟರರ ಹಾಗೆ ಕಿವಿಗಿಟ್ಟು ಕೇಳಲು ಒಂದು ಮರದ ಕೋಲು ಬೇಕೆಂದ. ನನ್ನ ಕೈಗೆ ಸಿಕ್ಕಿದ್ದು ಹಬ್ಬದ ಕಡುಬಿಗೆಂದು ಅಜ್ಜಿ ಮಡಿಯಲ್ಲಿಟ್ಟಿದ್ದ ಲಟ್ಟಣಿಗೆ.

ನಾನು ಕಾರಿನ ಕೆಳಗೆ ನುಸುಳಿ ಅದರ ಒಂದು ತುದಿಯನ್ನು ಮಧ್ಯದ ಉಂಡೆಗೆ ಒತ್ತಿ, ಇನ್ನೊಂದನ್ನು ಕಿವಿಗಿಟ್ಟುಕೊಂಡೆ. ನಲ್ಲಿ ನೀರು ಸುರಿದಂಥ ಸದ್ದು, ಅಷ್ಟೇ. ಬಲಚಕ್ರದ ಪಕ್ಕ ಒತ್ತಿದೆ. ಒರಳಿಗೆ ಜಲ್ಲಿ ಹಾಕಿ ರುಬ್ಬಿದಂತಾಗಿ ನನ್ನ ಹಲ್ಲಿನ ಬುಡ ಅದುರಿತು.

"ಮಧ್ಯದಲ್ಲಿ ಏನೂ ಇಲ್ಲ ಚಿಕ್ಕಪ್ಪ. ಬಲಗಡೆ ಚಕ್ರದ ಬೇರಿಂಗ್ ಹೋಗಿದೆ."

"ಸುಮ್ನೆ ಬುರುಡೆ ಬಿಡ್ತಿಲ್ಲ ತಾನೆ?"

"ನೀನೇ ಮಲಗಿ ಕೇಳ್ಕೋ."

ಇಸ್ತ್ರಿ ಅಂಗಿಯಲ್ಲೇ ಮಲಗಿ ಕೇಳಿದ. ಮಧ್ಯದಲ್ಲಿ ಇನ್ನೊಮ್ಮೆ ಕೇಳಿದ. ಎದ್ದವನು ನನ್ನ ತಲೆಗೆ ಮೊಟಕಿ ನಕ್ಕ. ಹಿಂದೆ ಅಜ್ಜಿ ನಿಂತಿದ್ದಳು.

"ಅದನ್ನ ಇನ್ನು ನೀವೇ ಇಟ್ಕೊಳ್ಳಿ. ಗಣೇಶಂಗೆ ಗ್ರೀಸ್ ಕಡುಬು ಇಕ್ಕಕ್ಕಾಗಲ್ಲ."

ಬೇರಿಂಗ್ ಪೇಟೆಯಲ್ಲೇ ಸಿಕ್ಕಿತು. ಭಾನುವಾರ ಬಂದವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಕಾರು ಈಗಲೂ ಇದೆ. ಎಷ್ಟು ಸದ್ದಿಲ್ಲದೆ ನಯವಾಗಿ ಬರುತ್ತದೆಂದರೆ ನಾಯಿಗಳು ಕಣ್ಣೂ ಬಿಡುವುದಿಲ್ಲ. ದೋಸೆ ಮಾತ್ರ ಒಂದೋ ಆರಿರುತ್ತದೆ, ಇಲ್ಲವೇ ಹುಯ್ದೇ ಇರುವುದಿಲ್ಲ. ಆ ಗುರ್ರ್ ಸದ್ದಿದ್ದ ಕಾಲದಲ್ಲಿ ಅಜ್ಜಿ ಒಲೆಯ ಮುಂದೆ ನೆಮ್ಮದಿಯಾಗಿ ನಿಂತಿರುತ್ತಿದ್ದಳು. ಈಗ ಸಂಜೆಯಾದರೆ ಸೌಟು ಹಿಡಿದುಕೊಂಡು ಒಲೆಗೂ ಗೇಟಿಗೂ ಓಡಾಡುತ್ತಾಳೆ.