ಓಲಿವಿಯಾಳಿಗೆ ಸಿಗಬೇಕಿದ್ದ ಒಂದು ಓಟು

ಮಸ್ಕತ್‌ನ ಬೌಷರ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ರಾಜಗೋಪಾಲರಷ್ಟು ಸಭ್ಯರು ಇನ್ನೊಬ್ಬರಿಲ್ಲ ಎಂದು ನಾನೇ ಹತ್ತು ಕಡೆ ಹೇಳಿಕೊಂಡು ತಿರುಗಿದ್ದೆ. ಈಗ ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಲಿಫ್ಟಿನಲ್ಲಿ ಸಿಕ್ಕ ಕಾವಲುಗಾರನಿಗೂ ನಮಸ್ಕಾರ, ಬಾಡಿಗೆ ಕೇಳಲು ಬಂದ ಒಮಾನಿ ಮಾಲೀಕನಿಗೂ ನಮಸ್ಕಾರ, ದಾರಿಗೆ ಅಡ್ಡ ಕಾರು ನಿಲ್ಲಿಸಿ ಹೋದವನಿಗೂ ನಮಸ್ಕಾರ. ಸಭ್ಯತೆ ಬೇರೆ, ಹೆದರಿಕೆ ಬೇರೆ ಎಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು.

ರಾಜಗೋಪಾಲರು ಮೈಸೂರಿನವರು, ಕೃಷಿ ಓದಿದವರು. ರುಸ್ತಾಕ್ ಕಡೆ ಹಸಿರುಮನೆಗಳಲ್ಲಿ ಸೌತೆಕಾಯಿ, ದೊಣ್ಣೆಮೆಣಸು ಬೆಳೆಯುವ ಒಂದು ಕಂಪನಿಯಲ್ಲಿ ಮೇಲ್ವಿಚಾರಕರು. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆಗೆ ವಾಪಸ್. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಕೆನಡಾದ ಪ್ರೇರಿ ಬಯಲಿನಲ್ಲಿ, ಎಂಟುನೂರು ಜನರ ಒಂದು ಊರಿನಲ್ಲಿ ಇದ್ದರು. ಅಲ್ಲಿ ಸರ್ಕಾರದ ಬೀಜ ಸಂಶೋಧನಾ ಫಾರ್ಮಿನಲ್ಲಿ ಕೆಲಸ. ಆ ದೇಶದ ಪಾಸ್‌ಪೋರ್ಟನ್ನೂ ತೆಗೆದುಕೊಂಡಿದ್ದರು. ಹೆಂಡತಿ ರತ್ನಪ್ರಭಾ ಮಾತ್ರ ತನ್ನದನ್ನು ಬದಲಿಸಲಿಲ್ಲ. ಆರು ವರ್ಷದ ಹಿಂದೆ ಫಾರ್ಮಿಗೆ ಬೀಗ ಬಿತ್ತು. ಐವತ್ತು ದಾಟಿದವರಿಗೆ ಅಲ್ಲಿ ಬೇರೆ ಕೆಲಸ ಸಿಗದೆ ಇಲ್ಲಿಗೆ ಬಂದರು. ಮಗಳು ಸಿಂಚನಾ ಅಲ್ಲೇ ಉಳಿದಳು.

ಆ ಊರಿನ ಸುದ್ದಿ ಶುರುವಾದರೆ ಸಾಕು, ರಾಜಗೋಪಾಲರು ಬೇರೆಯೇ ಮನುಷ್ಯರಾಗುತ್ತಿದ್ದರು. ಒಂದು ಲೋಕಸಭಾ ಕ್ಷೇತ್ರ ಅಂದರೆ ಇಲ್ಲಿಂದ ಒಮಾನಿನ ಇನ್ನೊಂದು ತುದಿಯ ಸಲಾಲದವರೆಗಿನ ದಾರಿಯಷ್ಟು ಉದ್ದವಂತೆ. ಗೋಧಿ ಹೊಲ, ಸಾಸಿವೆಯಂಥ ಹಳದಿ ಹೂವಿನ ಹೊಲ, ನಡುವೆ ಎಲ್ಲೋ ಒಂದು ಮನೆ, ಮನೆ ಮುಂದೆ ಪಿಕಪ್.

"ನಮ್ಮ ಕ್ಷೇತ್ರದಲ್ಲಿ ಯಾರು ಗೆಲ್ತಾರೆ ಅಂತ ಯಾರೂ ಕೇಳಲ್ಲ ಕಣ್ರೀ ಜಾಯ್ಸನ್. ಎಷ್ಟರಲ್ಲಿ ಗೆಲ್ತಾರೆ ಅಂತ ಕೇಳ್ತಾರೆ. ನಲವತ್ತು ವರ್ಷದಿಂದ ಒಂದೇ ಪಕ್ಷ," ಎನ್ನುತ್ತಿದ್ದರು ನನಗೆ.

ಆ ಜನ ದಾರಿಯಲ್ಲಿ ಕಂಡರೆ ಸ್ಟೀರಿಂಗ್ ಮೇಲಿನ ಎರಡು ಬೆರಳೆತ್ತಿ ಮಾತಾಡಿಸುತ್ತಿದ್ದರು. ರತ್ನಪ್ರಭಾಗೆ ಆಪರೇಷನ್ ಆದಾಗ ವಾರವಿಡೀ ಬಾಗಿಲಿಗೆ ಊಟ ತಂದಿಟ್ಟರು. ಆದರೆ ಹದಿನಾಲ್ಕು ವರ್ಷದಲ್ಲಿ ಇವರನ್ನು ತಮ್ಮ ಮನೆಯೊಳಗೆ ಕೂರಿಸಿ ಊಟ ಹಾಕಿದವಳು ಒಬ್ಬಳೇ. ಅವಳು ಓಲಿವಿಯಾ. ಅದೇ ಫಾರ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು.

ರಾಜಗೋಪಾಲರ ಮೊದಲ ಓಟಿನ ಕತೆಯನ್ನು ನಾನು ಕನಿಷ್ಠ ನಾಲ್ಕು ಸಲ ಕೇಳಿದ್ದೇನೆ. ಮತಗಟ್ಟೆ ಇದ್ದದ್ದು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಆಟದ ಹಾಲ್‌ನಲ್ಲಿ. ಇವರ ಲೈಸೆನ್ಸಿನಲ್ಲಿ ಅಂಚೆ ಪೆಟ್ಟಿಗೆಯ ನಂಬರಿತ್ತು, ಮನೆ ವಿಳಾಸ ಇರಲಿಲ್ಲ. ಹಾಗಿದ್ದಾಗ ಅಲ್ಲಿಯ ಮತದಾರರೊಬ್ಬರು, ಈತ ನನಗೆ ಗೊತ್ತು, ಇಲ್ಲಿಯವನೇ ಎಂದು ಪ್ರಮಾಣ ಮಾಡಿದರೆ ಓಟು ಹಾಕಲು ಬಿಡುತ್ತಾರೆ. ಒಬ್ಬರು ಒಬ್ಬರಿಗೆ ಮಾತ್ರ ಪ್ರಮಾಣ ಮಾಡಬಹುದು. ಸಾಲಿನಲ್ಲಿದ್ದ ಪರಿಚಯದವರೆಲ್ಲ ಕಾಫಿ ಲೋಟ ನೋಡುತ್ತ ನಿಂತಿದ್ದಾಗ ಓಲಿವಿಯಾ ಮುಂದೆ ಬಂದು ಕೈ ಎತ್ತಿದಳು. ಸ್ವಲ್ಪ ಹೊತ್ತಿಗೆ ಅವಳ ಸ್ವಂತ ಅಣ್ಣನೂ ಗುರುತಿನ ಕಾಗದ ಮರೆತು ಬಂದ. ಅವಳ ಪ್ರಮಾಣ ಆಗಲೇ ಮುಗಿದಿತ್ತು. ಮುದುಕ ಬೈದುಕೊಳ್ಳುತ್ತ ನಲವತ್ತು ಕಿಲೋಮೀಟರ್ ಹಿಂದಕ್ಕೆ ಹೋದ.

ಕಳೆದ ವರ್ಷ ಮಾರ್ಚಿನಲ್ಲಿ ಓಲಿವಿಯಾ ಫೋನ್ ಮಾಡಿದಳು. ಮುಚ್ಚಿದ ಫಾರ್ಮಿನ ಜಮೀನನ್ನು ಮಾರಲು ಹೊರಟಿದ್ದಾರೆ, ಅದನ್ನು ಕೇಳುವವರಿಲ್ಲ, ನಾನೇ ಪಕ್ಷೇತರಳಾಗಿ ಚುನಾವಣೆಗೆ ನಿಲ್ಲುತ್ತೇನೆ ಎಂದಳು. "ಗೆಲ್ಲುವುದಿಲ್ಲ ಅಂತ ಗೊತ್ತು. ಆದರೆ ಫಾರ್ಮಿನವರೆಲ್ಲ ನನ್ನ ಜೊತೆ ಇದ್ದರು ಅಂತ ನನಗೆ ಕಾಣಬೇಕು. ನಿನ್ನ ಓಟು ಕೊಡ್ತೀಯಾ, ರಾಜ್?" ಇವರು ಕೊಡುತ್ತೇನೆಂದು ಮಾತು ಕೊಟ್ಟರು.

ಹೊರದೇಶದಲ್ಲಿರುವವರಿಗೆ ಅಲ್ಲಿಂದ ಅಂಚೆಯಲ್ಲಿ ಖಾಲಿ ಮತಪತ್ರ ಬರುತ್ತದೆ. ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆದು, ಲಕೋಟೆಯೊಳಗೆ ಲಕೋಟೆ ಇಟ್ಟು, ಹೊರಗಡೆ ಸಹಿ ಹಾಕಿ, ಮತದಾನದ ದಿನದೊಳಗೆ ಒಟ್ಟಾವಾಕ್ಕೆ ಮುಟ್ಟಿಸಬೇಕು. ಮಸ್ಕತ್‌ನಿಂದ ಕೊರಿಯರ್ ಮಾಡಿದ್ದರೆ ಆಗುತ್ತಿತ್ತು. ಆದರೆ ಗಲ್ಫಿನಲ್ಲಿರುವ ನಮಗೆಲ್ಲ ಒಂದು ಚಾಳಿ. ಚಿನ್ನವಿರಲಿ, ಮದ್ದಿರಲಿ, ಮದುವೆ ಕಾಗದವಿರಲಿ, ಹೋಗುವವರ ಕೈಯಲ್ಲಿ ಕೊಟ್ಟರೇ ಸಮಾಧಾನ. ಈಸ್ಟರಿಗೆ ಟೊರೊಂಟೊದ ಅಕ್ಕನ ಮನೆಗೆ ಹೊರಟವನು ನಾನು.

"ಅಲ್ಲಿ ಇಳಿದ ತಕ್ಷಣ ಪೋಸ್ಟ್ ಡಬ್ಬಕ್ಕೆ ಹಾಕಿಬಿಡಿ ಸಾರ್," ಎಂದು ರಾಜಗೋಪಾಲರು ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟರು.

ನಾನು ಅದನ್ನು ಹಲ್ವಾ ಡಬ್ಬಿಗಳ ಚೀಲದಲ್ಲಿಟ್ಟೆ. ಅಕ್ಕ ಹಲ್ವಾ ತೆಗೆದುಕೊಂಡು ಚೀಲವನ್ನು ಮಡಚಿ ನನ್ನ ಪೆಟ್ಟಿಗೆಯ ತಳಕ್ಕೆ ಹಾಕಿದಳು. ನಾಲ್ಕನೇ ದಿನ ಇವರ ಫೋನ್ ಬಂತು, ಪೋಸ್ಟ್ ಆಯಿತಾ ಎಂದು. ಆಗಲೇ ನೆನಪಾದದ್ದು. ನಾಳೆ ಹಾಕಿದರಾಯಿತು ಎಂದುಕೊಂಡು "ಅವತ್ತೇ ಹಾಕಿದ್ದೇನೆ ಮಾರಾಯ್ರೆ, ತಲೆಬಿಸಿ ಬೇಡ" ಅಂದುಬಿಟ್ಟೆ. ನಾಳೆ ಎಂದರೆ ಗುಡ್ ಫ್ರೈಡೆ, ಆಮೇಲೆ ಹಬ್ಬ, ಆಮೇಲೆ ನಯಾಗರ. ಮಸ್ಕತ್‌ಗೆ ಬಂದು ಪೆಟ್ಟಿಗೆ ಖಾಲಿ ಮಾಡುವಾಗ ಲಕೋಟೆ ಕಾಲ ಮೇಲೆ ಬಿತ್ತು. ಚುನಾವಣೆ ಮುಗಿದು ಮೂರು ದಿನವಾಗಿತ್ತು. ನಾಚಿಕೆಯಾಯಿತು. ಅದನ್ನು ಹೇಳುವ ಧೈರ್ಯವಾಗದೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಓಲಿವಿಯಾ ಸೋತಿದ್ದಳು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ತಿಂಗಳುಗಳ ಮೇಲೆ ಮತಗಟ್ಟೆವಾರು ಲೆಕ್ಕ ಹೊರಬಂತು. ಹೊರದೇಶದವರ ಓಟುಗಳನ್ನೆಲ್ಲ ಸೇರಿಸಿದ ಸಾಲಿನಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಇತ್ತು. ಅವಳು ಅದರ ಫೋಟೋ ತೆಗೆದು ರಾಜಗೋಪಾಲರಿಗೆ ಕಳಿಸಿದಳು. ಕೆಳಗೆ ಒಂದೇ ಸಾಲು: "ಹಾಕಲು ಇಷ್ಟವಿಲ್ಲದಿದ್ದರೆ ಹೇಳಬಹುದಿತ್ತು, ರಾಜ್."

ರಾಜಗೋಪಾಲರು ಅದನ್ನು ನನಗೆ ತೋರಿಸಿ, "ನನ್ನನ್ನ ಸುಳ್ಳುಗಾರ ಅಂದುಕೊಂಡುಬಿಟ್ಟಳಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೆ ಅನ್ನ ಸೇರಲಿಲ್ಲ. ನನ್ನ ಸೋಮಾರಿತನಕ್ಕೆ ಒಬ್ಬ ಒಳ್ಳೆಯ ಮನುಷ್ಯ ತನ್ನ ಒಬ್ಬಳೇ ಸ್ನೇಹಿತೆಯನ್ನು ಕಳೆದುಕೊಳ್ಳುತ್ತಿದ್ದಾನೆ ಎಂದು ಎರಡು ದಿನ ಒದ್ದಾಡಿದೆ. ಶುಕ್ರವಾರ ಸಂಜೆ ಲಕೋಟೆ ಹಿಡಿದು ಅವರ ಮನೆಗೆ ಹೋಗಿ ಎಲ್ಲವನ್ನೂ ಬಾಯಿಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ರಾಜಗೋಪಾಲರ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ನಿರಾಳ. ನನ್ನನ್ನು ಕ್ಷಮಿಸಿದ್ದಾರೆ ಎಂದು ನಾನು ಹಿಗ್ಗಿದೆ. ಎಂಥ ದಡ್ಡ ನಾನು.

"ನಾನೇ ಅವರಿಗೆ ಹೇಳ್ತೇನೆ, ಫೋನ್ ಮಾಡಿ" ಎಂದೆ. ಅಲ್ಲಿ ಆಗ ಬೆಳಿಗ್ಗೆ. ವಿಡಿಯೋದಲ್ಲಿ ಓಲಿವಿಯಾ ಬಂದಳು, ನರೆಗೂದಲ ದಪ್ಪ ಹೆಂಗಸು, ಕೈಯಲ್ಲಿ ಕಾಫಿ. ತಪ್ಪೆಲ್ಲ ನನ್ನದು, ಈ ಮನುಷ್ಯ ನಿಮಗೇ ಓಟು ಹಾಕಿದ್ದಾರೆ, ಅದು ಈಗಲೂ ನನ್ನ ಕೈಯಲ್ಲಿದೆ ಎಂದು ಲಕೋಟೆಯನ್ನು ಎತ್ತಿ ತೋರಿಸಿದೆ. ಇಗರ್ಜಿಯಲ್ಲಿ ಸಾಕ್ಷಿ ಹೇಳುವವನ ಹಾಗೆ ಎದೆ ಮುಟ್ಟಿಕೊಂಡೆ.

ಓಲಿವಿಯಾ ಕಾಫಿ ಕೆಳಗಿಟ್ಟು ಅತ್ತಳು. "ನಿನ್ನ ಮೇಲೆ ಅನುಮಾನ ಪಟ್ಟೆ, ರಾಜ್. ನನ್ನನ್ನು ಕ್ಷಮಿಸು."

"ಪರವಾಗಿಲ್ಲ ಓಲಿವಿಯಾ," ಎಂದರು ರಾಜಗೋಪಾಲರು ಮೆತ್ತಗೆ. "ನಾನು ಯಾವಾಗಲೋ ಕ್ಷಮಿಸಿದ್ದೇನೆ."

ಫೋನ್ ಇಟ್ಟ ಮೇಲೆ ಅವರು ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹರಿಯಲು ಹೋದರು. ರತ್ನಪ್ರಭಾ ತಡೆದರು. "ಇರ್ಲಿ ಕೊಡಿ. ಅವಳ ಹೆಸರು ಬರೆದಿರೋ ಚೀಟಿ, ಅವಳಿಗೇ ಕಳಿಸೋಣ. ಇಟ್ಕೊಳ್ತಾಳೆ."

"ಬೇಡ ಬಿಡೇ. ಖಲಾಸ್, ಮುಗೀತಲ್ಲ."

ಆಕೆ ಅಷ್ಟರಲ್ಲಿ ಹೊರಗಿನ ಲಕೋಟೆ ತೆರೆದಾಗಿತ್ತು, ಒಳಗಿನದನ್ನೂ. ಚೀಟಿ ಓದಿದರು. ಇನ್ನೊಮ್ಮೆ ಓದಿ ನನ್ನ ಕಡೆ ಚಾಚಿದರು. ಅದರಲ್ಲಿದ್ದದ್ದು ಆ ನಲವತ್ತು ವರ್ಷದ ಪಕ್ಷದ ಹಾಲಿ ಸಂಸದನ ಹೆಸರು. ಮುತ್ತು ಪೋಣಿಸಿದಂಥ ಅಕ್ಷರ.

ಯಾರೂ ಕೇಳದೆಯೇ ರಾಜಗೋಪಾಲರು ಮಾತಾಡತೊಡಗಿದರು. ಸಿಂಚನಾಳ ಗಂಡನ ವೀಸಾ ಅರ್ಜಿ ಶಿಫಾರಸಿಗೆಂದು ಆ ಸಂಸದನ ಕಚೇರಿಯಲ್ಲಿದೆ. ಅಲ್ಲಿಗೆ ತಾನು ಕೈಯಲ್ಲಿ ಬರೆದ ಮೂರು ಪತ್ರಗಳಿವೆ. ಲಕೋಟೆಯ ಮೇಲೆ ಹೆಸರಿದೆ, ಸಹಿಯಿದೆ, ಒಳಗೆ ಅದೇ ಕೈಬರಹ. "ಯಾರಾದ್ರೂ ಗುರುತು ಹಿಡಿದ್ರೆ? ಇಷ್ಟಕ್ಕೂ ಅವಳು ಗೆಲ್ತಿರಲಿಲ್ಲವಲ್ಲ."

"ಒಳಗಿನ ಲಕೋಟೆ ಮೇಲೆ ನಿಮ್ಮ ಹೆಸರೇ ಇಲ್ಲ," ಎಂದರು ರತ್ನಪ್ರಭಾ. "ಗುರುತು ಹಿಡೀಬಾರದು ಅಂತಾನೇ ಎರಡು ಲಕೋಟೆ ಕೊಡೋದು. ಅರ್ಜಿನೂ ಎರಡು ವರ್ಷದಿಂದ ಅಲ್ಲೇ ಕೊಳೀತಿದೆ. ಅವಳಿಗೆ ಫೋನ್ ಮಾಡಿ ನಿಜ ಹೇಳಿ."

"ಈಗ ಖುಷಿಯಾಗಿದ್ದಾಳಲ್ಲ. ಯಾಕೆ ನೋಯಿಸೋದು?"

ರತ್ನಪ್ರಭಾ ಎದ್ದು ಒಳಗೆ ಹೋದರು. ನಾನು ಚಪ್ಪಲಿ ಹಾಕಿಕೊಂಡು ಹೊರಬಂದೆ. ಹೋಗಿಬರುತ್ತೇನೆ ಎಂದು ಹೇಳಲೂ ಮನಸ್ಸಾಗಲಿಲ್ಲ.

ಡಿಸೆಂಬರಿನಲ್ಲಿ ಓಲಿವಿಯಾ ನನಗೇ ಮೆಸೇಜ್ ಕಳಿಸಿದಳು, ರಾಜಗೋಪಾಲರಿಂದ ನನ್ನ ನಂಬರ್ ತೆಗೆದುಕೊಂಡಿದ್ದಳಂತೆ. ಮುಂದಿನ ಸಲವೂ ನಿಲ್ಲುತ್ತಾಳಂತೆ. ಊರಿನವರೇ ಬೆನ್ನು ತಿರುಗಿಸಿದರೂ ಒಮಾನಿನಿಂದ ಒಬ್ಬ ನನ್ನ ಹೆಸರು ಬರೆದು ಕಳಿಸಿದ್ದನಲ್ಲ, ಆ ಧೈರ್ಯದ ಮೇಲೆ ನಿಲ್ಲುತ್ತಿದ್ದೇನೆ, ನೀನು ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಬರೆದಿದ್ದಳು.

ರಾಜಗೋಪಾಲರನ್ನು ಹೇಡಿ ಎಂದು ಬೈದುಕೊಳ್ಳುತ್ತಲೇ ಅದಕ್ಕೊಂದು ಉತ್ತರ ಬರೆಯಲು ಕೂತೆ. ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ಕೊನೆಗೆ "ಆಲ್ ದ ಬೆಸ್ಟ್" ಎಂದು ಕಳಿಸಿದೆ.