ದನದ ಡಾಕ್ಟರಮ್ಮನ ಹೈಬ್ರಿಡ್ ಕಾರು

ಹೋದ ವಾರ ಹಿನಕಲ್‌ನಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿ ಒಂದು ಗೃಹಪ್ರವೇಶವಿತ್ತು. ಪುರೋಹಿತರು ಮಾವಿನ ಎಲೆಯನ್ನು ಗಂಜಲದಲ್ಲಿ ಅದ್ದಿ ಹೊಸ ಗೋಡೆಗಳ ಮೇಲೆ ಚಿಮುಕಿಸುತ್ತ ಬಂದರು. ಒಂದು ಹನಿ ನನ್ನ ಕೆಳತುಟಿಯ ಮೇಲೆ ಬಂದು ಕೂತಿತು. ಅಕ್ಕಪಕ್ಕದವರು ತಮ್ಮ ಮೇಲೂ ಬೀಳಲಿ ಎಂದು ಕೈಮುಗಿದು ಮುಖ ಮುಂದೆ ಮಾಡುತ್ತಿದ್ದರು. ನಾನು ಹೊರಗೆ ಬಂದು ಶಾಮಿಯಾನದ ಹಿಂದಿದ್ದ ಡ್ರಮ್ಮಿನ ನೀರಿನಲ್ಲಿ ಬಾಯಿ ತೊಳೆದೆ. ಮತ್ತೆ ತೊಳೆದೆ. ವಾಸನೆ ಹೋಗಲಿಲ್ಲ. ಊಟಕ್ಕೆ ಕೂರದೆ ಮನೆಗೆ ನಡೆದೆ.

ಆ ವಾಸನೆ ನನಗೆ ಬರೀ ಗಂಜಲದ ವಾಸನೆಯಲ್ಲ. ಕಿಟಕಿ ಮುಚ್ಚಿ ಬಿಸಿಲಿಗೆ ನಿಂತ ಕಾರಿನದು ಅದು. ಕಾದ ಸೀಟಿನ ಬಟ್ಟೆ, ಕಾದ ಪ್ಲಾಸ್ಟಿಕ್ಕು, ಅದರೊಳಗೆ ಹುಳಿಯುತ್ತಿರುವ ಗಂಜಲ... ಆ ಕಾರನ್ನು ನನಗೆ ಮಾರಿದ ಡಾಕ್ಟರಮ್ಮ ಅದರ ಜೊತೆಗೇ ಬರುತ್ತಾರೆ, ನಾನು ಬೇಡವೆಂದರೂ.

ಉದಯಗಿರಿಯ ಅವರ ಮನೆಗೆ ಮೊದಲ ಸಲ ಹೋದಾಗ ಅವರು ಬಿಳಿ ಸೀರೆಯುಟ್ಟು ಗೇಟಿನ ಬಳಿ ಕಾಯುತ್ತಿದ್ದರು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಸತ್ತವರಿಗೆ ಬಿಳಿ ಬಟ್ಟೆ ಉಡಿಸುವುದು ನೆನಪಿನ ಕೆಟ್ಟ ಚಾಳಿ. ಅವರು ಮಾಸಿದ ಹಸಿರು ನೈಟಿಯ ಮೇಲೆ ದುಪಟ್ಟಾ ಹೊದ್ದು, ಕಾರಿನ ಬಾನೆಟ್ಟಿನ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಮೊರಕ್ಕೆ ಬಳಿದುಕೊಳ್ಳುತ್ತಿದ್ದರು. ಸರ್ಕಾರಿ ಪಶುವೈದ್ಯೆಯಾಗಿ ಮೈಸೂರಿನ ಸುತ್ತಲ ಹಳ್ಳಿಗಳಲ್ಲಿ ದುಡಿದು ನಿವೃತ್ತರಾಗಿದ್ದವರು. ಹಳ್ಳಿಯವರು ಕರೆಯುತ್ತಿದ್ದ ಹಾಗೆ, ‘ದನದ ಡಾಕ್ಟರಮ್ಮ’ ಎಂದೇ ತಮ್ಮ ಪರಿಚಯ ಹೇಳಿಕೊಂಡರು. ಕಣ್ಣಿನ ನರ ಸೋತು ಅಕ್ಕಪಕ್ಕದ ನೋಟ ಹೋಗಿತ್ತು, ಓಡಿಸಕೂಡದು ಎಂದು ಕಣ್ಣಿನ ವೈದ್ಯರು ಹೇಳಿದ್ದರು. ಅದಕ್ಕೇ ಮಾರಾಟ.

ನಾನು ಡ್ರೈವರ್ ಸೀಟಿನಲ್ಲಿ ಕೂತು, ಎಷ್ಟು ಓಡಿದೆ ಎಂದು ಮೀಟರು ನೋಡುತ್ತಿದ್ದೆ.

“ಅದೇನಪ್ಪ, ಹಲ್ಲು ಎಣಿಸಿ ಎತ್ತು ಹಿಡಿಯೋನ ಥರ! ಇಳಿ ಕೆಳಕ್ಕೆ. ಹಿಂದಿನ ಬಾಗಿಲು ತೆಗಿ. ಸೀಟಿನ ಪಕ್ಕ ಒಂದು ಜಾಲರಿ ಐತೆ ನೋಡು, ಅಲ್ಲಿ ಮೂಗಿಡು.”

ಇಟ್ಟೆ. ಏನೂ ವಾಸನೆ ಇರಲಿಲ್ಲ.

“ಏನೂ ಇಲ್ವಲ್ಲ? ಅಂಗೇ ಇರ್ಬೇಕು. ಅದು ಈ ಗಾಡಿ ಮೂಗು. ಪೆಟ್ರೋಲಿನ ಜೊತೆ ಬ್ಯಾಟ್ರೀಲೂ ಓಡೋ ಗಾಡಿ ಇದು. ಆ ಬ್ಯಾಟ್ರಿ ಸೀಟಿನ ಹಿಂದೆ ಇರೋದು, ಉಸಿರಾಡೋದು ಇಲ್ಲಿಂದ. ಬ್ಯಾಗು, ಬೆಡ್‌ಶೀಟು ಅಂತ ಮುಚ್ಚಿದ್ಯೋ, ಉಸಿರು ಕಟ್ಟಿ ಸಾಯ್ತದೆ.”

ಕೀ ಕೊಡುವಾಗ ಒಂದು ಷರತ್ತು ಹಾಕಿದರು. ಏನು ಅನುಮಾನ ಬಂದರೂ ಅವರನ್ನೇ ಕೇಳಬೇಕು. ಊರವರ ಮಾತು ಕೇಳಿ ಗಾಡಿ ಕೆಡಿಸಬಾರದು.

ಕೇಳಿದೆ. ಮೊದಲನೆಯ ಬೆಳಿಗ್ಗೆಯೇ ಗುಂಡಿ ಒತ್ತಿದರೆ ಸದ್ದೇ ಇಲ್ಲ, ಗಾಬರಿಯಾಗಿ ಫೋನು ಮಾಡಿದೆ. “ಹಸಿರು ದೀಪ ಬಂತಾ? ಬಂತಲ್ಲ, ಮತ್ತೆ? ಕೋಳಿ ಥರ ಕೂಗ್ಬೇಕಾ ಅದು?” ಎಂದು ಬೈದರು. ಸದ್ದಿಲ್ಲವೆಂದು ಆಫ್ ಆಗಿದೆ ಅಂದುಕೊಂಡು ಹಾಗೇ ಇಳಿದು ಹೋಗಬೇಡ, ಹಿಂದೆ ಯಾರದೋ ಮಗು ಇರುತ್ತದೆ ಎಂದೂ ಹೇಳಿದರು. ದೊಡ್ಡ ಬ್ಯಾಟರಿಯಲ್ಲದೆ ಎಲ್ಲ ಕಾರಿನಲ್ಲಿರುವಂಥ ಚಿಕ್ಕದೊಂದು ಇದೆ, ವಾರಗಟ್ಟಲೆ ನಿಲ್ಲಿಸಿದರೆ ಅದು ಸಾಯುತ್ತದೆ, ಅದು ಸತ್ತರೆ ದೊಡ್ಡದು ತುಂಬಿದ್ದೂ ಪ್ರಯೋಜನವಿಲ್ಲ. ಕಿತ್ತಳೆ ಬಣ್ಣದ ವೈರು ಕಂಡರೆ ಕೈ ಹಿಂದಕ್ಕೆ ಕಟ್ಟಿಕೊ, ಮುಟ್ಟಿದರೆ ಕರೆಂಟು ಹೊಡೆಯುತ್ತದೆ. ಬ್ರೇಕು ಒದೆಯಬೇಡ, ಹಾಲು ಕರೆಯುವ ಹಾಗೆ ಮೆತ್ತಗೆ ಒತ್ತು, ಆಗ ಬ್ಯಾಟರಿ ತುಂಬುತ್ತದೆ. ಚಾಮುಂಡಿಬೆಟ್ಟ ಇಳಿಯುತ್ತ ಅದು ತಾನಾಗಿ ತುಂಬಿಕೊಳ್ಳುವುದನ್ನು ನಾನು ಹೇಳಿದಾಗ, ತಮ್ಮದೇ ಕರು ಎದ್ದು ನಿಂತಷ್ಟು ಸಂತೋಷಪಟ್ಟರು.

ಅವರು ಹೇಳಿದ್ದೆಲ್ಲ ಸರಿಯಿತ್ತು ಎಂದೇನಲ್ಲ. ಮಳೆಯಲ್ಲಿ ಹೈಬ್ರಿಡ್ ಕಾರಿನ ವೈಪರು ಜೋರಾಗಿ ಬಿಟ್ಟರೆ ಬ್ಯಾಟರಿ ಬಳಲುತ್ತದೆ ಎಂದು ಖಂಡಿತವಾಗಿ ನಂಬಿದ್ದರು. ಸರ್ವಿಸ್ ಸೆಂಟರಿನಲ್ಲಿ ಇದನ್ನು ಹೇಳಿದಾಗ ಅಲ್ಲಿಯವರು ನಕ್ಕರು. ನಾನು ನಗಲಿಲ್ಲ. ಮಳೆಯಲ್ಲಿ ವೈಪರನ್ನು ನಿಧಾನಕ್ಕೇ ಇಟ್ಟು, ಮುಂದೆ ಏನೂ ಕಾಣದೆ ಓಡಿಸಿದೆ.

ಏಕೆಂದರೆ ಅಷ್ಟು ಹೊತ್ತಿಗೆ ಆ ಫೋನು ನನಗೆ ಬೇಕಾಗಿತ್ತು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ನಮ್ಮ ಮಾತು ಮಾತ್ರೆ, ಹಾಲು, ಗ್ಯಾಸ್ ಸಿಲಿಂಡರು ದಾಟದೆ ವರ್ಷಗಳಾಗಿದ್ದವು. ಸಂಜೆ ಡಾಕ್ಟರಮ್ಮನಿಗೆ ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ, ಉತ್ತರದ ಜೊತೆಗೆ ನಂಜನಗೂಡಿನ ಕಡೆಯ ಯಾವುದೋ ಹಸುವಿನ ಕಥೆ, ಆಮೇಲೆ ನನಗೊಂದು ಬೈಗುಳ. ಕೆಲವು ದಿನ ಪ್ರಶ್ನೆಯಿಲ್ಲದಿದ್ದರೂ ಒಂದನ್ನು ಹುಟ್ಟಿಸಿಕೊಳ್ಳುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು ಎನಿಸುತ್ತದೆ... ಎನಿಸುತ್ತದೆ ಅಷ್ಟೇ.

ಕಾರು ಮನೆಗೆ ಬಂದ ದಿನ ಅಮ್ಮ ಅದರ ಸುತ್ತ ಬಂದು ನೋಡಿದ್ದರು, ಮುಟ್ಟಿರಲಿಲ್ಲ. ನಮ್ಮದು ಅರಮನೆಯ ಉದ್ಯೋಗದಲ್ಲಿದ್ದವರ ಮನೆತನ, ಪೇಟ ಸುತ್ತಿದ ಮುತ್ತಾತನ ಪಟ ಈಗಲೂ ಹಾಲಿನಲ್ಲಿದೆ.

“ಉದಯಗಿರಿಯಿಂದ ತಂದ್ಯೇನೋ? ಸಾಬರ ಗಾಡೀನಾ?”

“ಅವರು ಡಾಕ್ಟರಮ್ಮ, ಅಮ್ಮ.”

“ಡಾಕ್ಟರಾದ್ರೆ ಊಟ ಮಾಡಲ್ವೇನೋ? ಆ ಸೀಟಿನ ಮೇಲೆ ಏನೇನು ಇಟ್ಕೊಂಡು ಹೋಗಿದ್ರೋ...”

ಆದರೂ ಮೊಣಕಾಲು ನೋವಿಗೆ ಆಸ್ಪತ್ರೆಗೆ ಹೋಗಲು ಮುಂದಿನ ಸೀಟಿನಲ್ಲಿ ಟವೆಲು ಹಾಸಿಕೊಂಡು ಕೂರುತ್ತಿದ್ದರು. ಅಷ್ಟಕ್ಕೇ ನಿಂತಿತು ಎಂದುಕೊಂಡಿದ್ದೆ. ಆಮೇಲೆ ಅಪ್ಪನ ತಿಥಿ ಬಂತು. ಪುರೋಹಿತರನ್ನು ಅದೇ ಕಾರಿನಲ್ಲಿ ಕರೆತರಬೇಕಿತ್ತು. ಹಿಂದಿನ ದಿನ ನಾನು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿದ್ದಾಗ ಅಮ್ಮ ದೇವರಾಜ ಮೊಹಲ್ಲಾದ ಪೂಜೆ ಸಾಮಾನಿನ ಅಂಗಡಿಯಿಂದ ದೊಡ್ಡ ಬಾಟಲಿ ಗಂಜಲ ತರಿಸಿದ್ದರು. ಎಲೆಯಲ್ಲಿ ಅದ್ದಿ ಚಿಮುಕಿಸಿದ್ದಲ್ಲ. ಬಾಟಲಿಯನ್ನೇ ಬಗ್ಗಿಸಿದ್ದರು. ಹಿಂದಿನ ಸೀಟಿಗೆ, ಅದರ ಸಂದಿಗೆ, ಪಕ್ಕಕ್ಕೆ. ಸಂಜೆ ಬಾಗಿಲು ತೆಗೆದವನು ಅಲ್ಲೇ ಗೇಟಿನ ಬಳಿ ವಾಂತಿ ಮಾಡಿಕೊಂಡೆ. ಅಮ್ಮ ಒಳಗಿನಿಂದ ನೀರು ತಂದು ಕೊಟ್ಟರು. ಬೆನ್ನು ಸವರಿದರು. ಆ ಕೈ ನನ್ನ ಬೆನ್ನಿನ ಮೇಲಿದ್ದಾಗ ನನಗಾದ ಹೇಸಿಗೆಯನ್ನು ಇಲ್ಲಿ ಬರೆಯುವುದಕ್ಕೂ ಹೇಸಿಗೆಯಾಗುತ್ತದೆ. ಹಾಗೆಂದು ಬಿಡಲೂ ಆಗುವುದಿಲ್ಲ. ಎಷ್ಟು ಕೂಗಾಡಿದರೂ ಅವರದು ಒಂದೇ ಮಾತು: “ಒಳ್ಳೇದಕ್ಕೇ ಕಣೋ ಮಾಡಿದ್ದು.”

ಸೀಟುಗಳನ್ನು ಶಾಂಪೂ ಹಾಕಿ ಉಜ್ಜಿಸಿದೆ. ಬಾಗಿಲು ತೆರೆದಿಟ್ಟೆ. ಮೋಡದ ದಿನ ವಾಸನೆ ಇರುತ್ತಿರಲಿಲ್ಲ, ಬಿಸಿಲು ಬಿದ್ದರೆ ಎದ್ದು ಬರುತ್ತಿತ್ತು. ಕೆಲವು ವಾರಗಳ ನಂತರ ಮೀಟರಿನ ಪಕ್ಕ ಎಚ್ಚರಿಕೆಯ ದೀಪ ಹೊತ್ತಿತು. ಸರ್ವಿಸ್ ಸೆಂಟರಿನವರು ಹಿಂದಿನ ಸೀಟನ್ನು ಎತ್ತಿಯೂ ನೋಡದೆ, ಇಡೀ ಬ್ಯಾಟರಿ ಬದಲಿಸಬೇಕು ಎಂದರು. ಗಂಜಲಕ್ಕೂ ದೀಪಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಡಾಕ್ಟರಮ್ಮನಿಗೆ ದೀಪದ ವಿಷಯ ಮಾತ್ರ ಹೇಳಿದೆ.

“ಬ್ಯಾಟ್ರಿ ಅಷ್ಟು ಬೇಗ ಹೋಗಕ್ಕಿಲ್ಲ. ಏನೂ ಮಾಡಿಸ್ಬುಡಬೇಡ, ನಾನೇ ಬತ್ತೀನಿ” ಎಂದರು.

ಊರಿನ ಆ ತುದಿಯಿಂದ ಈ ತುದಿಗೆ ಆಟೋದಲ್ಲಿ ಬಂದರು. ನಮ್ಮ ಗೇಟಿನ ಮೆಟ್ಟಿಲಿನ ಅಂಚನ್ನು ಚಪ್ಪಲಿಯಿಂದ ತಡಕಿ ಇಳಿದರು. ಅಮ್ಮ ನಗುನಗುತ್ತಲೇ ಬರಮಾಡಿಕೊಂಡು ಕಾಫಿ ತಂದರು, ಪೇಪರ್ ಲೋಟದಲ್ಲಿ. ಮನೆಯಲ್ಲಿ ಪೇಪರ್ ಲೋಟ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ಲೋಟ ತೊಳೆಯೋ ಕೆಲಸಾನೇ ಇಲ್ಲ, ಒಳ್ಳೇದಾಯ್ತು ಬುಡಿ” ಎಂದು ಡಾಕ್ಟರಮ್ಮ ಅದನ್ನು ಕಾಂಪೌಂಡಿನ ಮೇಲಿಟ್ಟು ಕಾರಿನ ಹಿಂದಿನ ಬಾಗಿಲು ತೆಗೆದರು. ಮೊಣಕಾಲೂರಿ ಒಳಗೆ ಬಗ್ಗಿ ಜಾಲರಿಗೆ ಮೂಗಿಟ್ಟರು. ಹಾಗೇ ಇದ್ದರು. ನಾನು ಹಿಂದೆ ನಿಂತು ಅವರ ಸವೆದ ಚಪ್ಪಲಿ ನೋಡುತ್ತಿದ್ದೆ. ಆಗ, ಆಗ ಮಾತ್ರ ನನಗೆ ಹೊಳೆಯಿತು. ಅಮ್ಮ ಬಗ್ಗಿಸಿದ ಗಂಜಲ ಇಳಿದದ್ದು ಆ ಜಾಲರಿಗೇ.

ಅವರು ಹೊರಗೆ ಬಂದಾಗ ನಗುತ್ತಿದ್ದರು.

“ಎಮ್ಮೇದು ಕಣಪ್ಪ ಇದು! ಹಸೂದಲ್ಲ. ಯಾರೋ ಚೆನ್ನಾಗಿ ಟೋಪಿ ಹಾಕವ್ರೆ. ಕೆಲ್ಸಕ್ಕೆ ಸೇರಿದಾಗಿಂದ ಬಾಲ ಎತ್ತಿದೋಳು ನಾನು, ನನಗೆ ಗೊತ್ತಾಗಲ್ವಾ?”

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ರೇಗಿತು. “ಯಾಕ್ರೀ ಎಮ್ಮೇದಾಗುತ್ತೆ? ಶುದ್ಧ ನಾಟಿ ಹಸೂದು ಅಂತ ಬಾಟ್ಲಿ ಮೇಲೇ ಬರೆದಿತ್ತು!”

ಎಮ್ಮೆಯದೆಂದು ಡಾಕ್ಟರಮ್ಮನಿಗೆ ನಿಜವಾಗಿ ಗೊತ್ತಾಯಿತೋ, ಅಮ್ಮನ ಬಾಯಿ ಬಿಡಿಸಲು ಹಾಗೆಂದರೋ, ಅಥವಾ ಆ ವಾಸನೆಯ ಎದುರು ನಗುವುದೊಂದೇ ದಾರಿಯಾಗಿತ್ತೋ, ಇವತ್ತಿಗೂ ನನಗೆ ತಿಳಿಯದು. ಅವರು ಮತ್ತೆ ಬಗ್ಗಿ ಜಾಲರಿಯ ಮುಚ್ಚಳ ಬಿಚ್ಚಿದರು. ಒಳಗಿನ ಫಿಲ್ಟರಿನ ಮೇಲೆ ಹಳದಿ ಮಿಶ್ರಿತ ಬಿಳಿ ಹಕ್ಕಳೆ ಕಟ್ಟಿತ್ತು, ನಡುವೆ ಧೂಳು, ಒಂದು ತುಳಸಿ ಎಲೆ. ಅದನ್ನೆಲ್ಲ ತಮ್ಮ ದುಪಟ್ಟಾದ ತುದಿಯಿಂದ ಒರೆಸಿದರು. ನಾನು ಬಟ್ಟೆ ತರಲು ಓಡಿದರೂ ನಿಲ್ಲಿಸಲಿಲ್ಲ. ಗಾಳಿ ಎಳೆಯುವ ಫ್ಯಾನು ಒಳಗೆ ಕಚ್ಚಿಕೊಂಡಿರಬೇಕು, ಹೈಬ್ರಿಡ್ ಕೆಲಸ ತಿಳಿದ ಮೆಕ್ಯಾನಿಕ್ಕಿನ ಹತ್ತಿರ ಅಷ್ಟನ್ನು ಬಿಚ್ಚಿ ತೊಳೆಸು, ಬ್ಯಾಟರಿಗೆ ಏನೂ ಆಗಿಲ್ಲ ಎಂದರು. ಆಮೇಲೆ ಎದ್ದು ನಿಂತರು.

“ಯಾವ ಗಾಡಿ ಬಂದ್ರೂ ನಾವು ಹಾಕ್ತೀವಿ ಕಣ್ರೀ” ಎಂದರು ಅಮ್ಮ, ಈಗ ಮೆತ್ತಗೆ. “ನಮ್ಮಲ್ಲಿ ಅದೊಂದು ಪದ್ಧತಿ. ಬೇರೆ ಏನೂ ತಿಳ್ಕೋಬೇಡಿ.”

ಅಷ್ಟು ತಿಂಗಳು ನನ್ನ ಪ್ರಶ್ನೆಗಳಿಗೆ ಉತ್ತರ ಹೇಳಿದವರು ಮೊದಲ ಸಲ ನನ್ನನ್ನು ಒಂದು ಪ್ರಶ್ನೆ ಕೇಳಿದರು.

“ಹಿಂದಿನ ಗಾಡೀಗೂ ಹಾಕಿದ್ರೇನಪ್ಪ?”

ಹಿಂದಿನ ಕಾರೂ ಸೆಕೆಂಡ್ ಹ್ಯಾಂಡೇ. ನಮ್ಮ ಜಾತಿಯವರೇ ಆದ ಒಬ್ಬ ಲೆಕ್ಚರರಿಂದ ಕೊಂಡದ್ದು. ಅದಕ್ಕೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದರು. ಅಷ್ಟೇ. ಅಮ್ಮ ನನ್ನನ್ನೇ ನೋಡುತ್ತಿದ್ದರು.

“ಇಲ್ಲ” ಎಂದೆ.

ಹೇಳುವಾಗ ಎದೆ ಸೆಟೆದಿತ್ತು. ಅಮ್ಮನ ಎದುರಿಗೇ ಸತ್ಯ ಹೇಳಿದೆ, ಡಾಕ್ಟರಮ್ಮನ ಪಕ್ಕ ನಿಂತೆ ಎಂದು ಒಳಗೊಳಗೇ ಬೀಗಿದ್ದೆ. ಅವರು ತಲೆಯಾಡಿಸಿ ಗೇಟಿನ ಕಡೆ ಹೊರಟರು. ಆಟೋ ಹತ್ತಿಸಲು ಹಿಂದೆಯೇ ಹೋದೆ. ಆಸರೆಗೆಂದು ಕೈ ಚಾಚಿದೆ. ಹಿಡಿದುಕೊಂಡರು. ಹಿಡಿದುಕೊಂಡೇ ಹೇಳಿದರು:

“ಸುಳ್ಳು ಹೇಳ್ಬೇಕಿತ್ತು ಕಣಪ್ಪ. ‘ಹಾಕಿದ್ವಿ’ ಅಂದಿದ್ರೆ ಕಾಫಿ ಕುಡ್ದು ಹೋಗ್ತಿದ್ದೆ.”

ಮೆಕ್ಯಾನಿಕ್ಕು ಫ್ಯಾನು ಬಿಚ್ಚಿ ತೊಳೆದ. ದೀಪ ಆರಿತು. ಹೇಳಲು ಫೋನು ಮಾಡಿದಾಗ ಅವರು, “ಸಂತೋಷ. ಇನ್ನು ನಿಮಗೆ ಏನೂ ತೊಂದರೆ ಇರುವುದಿಲ್ಲ” ಎಂದರು, ಪುಸ್ತಕದಲ್ಲಿ ಬರೆದದ್ದನ್ನು ಓದಿದ ಹಾಗೆ. ಹಸುವಿನ ಕಥೆಯಿಲ್ಲ, ಬೈಗುಳವಿಲ್ಲ. ಆಮೇಲೆ ನಾನು ಹುಟ್ಟಿಸಿಕೊಂಡ ಪ್ರಶ್ನೆಗಳಿಗೆ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕಣ್ಣು ಪೂರ್ತಿ ಹೋಗಿ, ಫೋನಿನ ಮೇಲೆ ನನ್ನ ಹೆಸರು ಅವರಿಗೆ ಕಾಣದೆ ಹೋಗಿರಬಹುದು. ಹಾಗೆಂದುಕೊಳ್ಳುವುದು ನನಗೆ ಅನುಕೂಲ. ಅನುಕೂಲವಾಗಿದೆ ಎಂಬ ಕಾರಣಕ್ಕೇ ಅದನ್ನು ನಂಬಲಾರೆ. ಮನೆಗೇ ಹೋಗಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಹೋದೆ. ಮಾತ್ರೆ ತಿಂದು ಮಲಗಿದ್ದಾರೆ ಎಂದು ಅವರ ತಂಗಿ ಗೇಟಿನಲ್ಲೇ ಹೇಳಿದರು. ಒಳಗೆ ರೇಡಿಯೋ ಹಾಡುತ್ತಿತ್ತು.

ಕೊನೆಗೊಂದು ದಿನ ಆ ತಂಗಿಯೇ ಫೋನು ಎತ್ತಿ, ಅಕ್ಕ ಹೋದ ತಿಂಗಳೇ ತೀರಿಕೊಂಡರಲ್ಲ, ನಿಮಗೆ ಯಾರೂ ಹೇಳಲಿಲ್ಲವೇ ಎಂದರು. ಯಾರು ಹೇಳಬೇಕಿತ್ತು... ನಾನು ಯಾರಾಗಿದ್ದೆ? ಗಾಡಿ ತಗೊಂಡವನು.

ನಿನ್ನೆ ಅಮ್ಮನನ್ನು ಮೊಣಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಈಗ ಸೀಟಿಗೆ ಟವೆಲು ಹಾಸುವುದಿಲ್ಲ ಅವರು. ಸಿಗ್ನಲ್ಲಿನಲ್ಲಿ ಕಾರು ಸದ್ದಡಗಿ ನಿಂತಾಗ ಅಮ್ಮ ಡ್ಯಾಶ್‌ಬೋರ್ಡು ಸವರಿ, “ಪುಣ್ಯಾತ್ಗಿತ್ತಿ, ಎಂಥ ಗಾಡಿ ಕೊಟ್ಟು ಹೋದರು ನೋಡು” ಎಂದರು. ಕಣ್ಣಲ್ಲಿ ನೀರಿತ್ತು. “ಎಷ್ಟು ಸಲ ಬಂದಿದ್ರು ನಮ್ಮನೆಗೆ! ನನ್ನ ಕೈ ಕಾಫಿ ಅಂದ್ರೆ ಅವರಿಗೆ ಪ್ರಾಣ.”

ಗಂಜಲದ ವಾಸನೆಯೇ ಇದಕ್ಕಿಂತ ವಾಸಿ ಎನಿಸಿತು.

“ಒಂದೇ ಸಲ ಬಂದದ್ದು ಅಮ್ಮ.”

“ಒಂದೇ ಸಲಾನಾ?” ಅಮ್ಮ ನನ್ನ ಕಡೆ ತಿರುಗಿದರು. ನಟನೆಯೇ ಎಂದು ಆ ಮುಖದಲ್ಲಿ ಹುಡುಕಿದೆ. ಸಿಗಲಿಲ್ಲ. ಮುದುಕಿಯೊಬ್ಬಳ ಮುಖ, ನಿಜವಾಗಿಯೂ ಬೇಸರಗೊಂಡದ್ದು. “ಮತ್ಯಾಕೋ ಬರಲೇ ಇಲ್ಲ ಅವರು?”

ಹಿಂದಿನವರು ಹಾರ್ನ್ ಮಾಡುತ್ತಿದ್ದರು. ಸಿಗ್ನಲ್ಲು ಬಿಟ್ಟಿತ್ತು.

“ಕಣ್ಣು ಕಾಣಿಸ್ತಿರ್ಲಿಲ್ವಲ್ಲಮ್ಮ” ಎಂದೆ.

“ಅಯ್ಯೋ ಪಾಪ” ಎಂದರು ಅಮ್ಮ, ಕಿಟಕಿಯ ಕಡೆ ಮುಖ ಮಾಡಿ.