ಸೊಲೆನಾಯ್ಡ್ ಎಂಬ ನನ್ನ ಪಾಂಡಿತ್ಯ

ಸೈಕಲ್ಲಿನ ಚೈನು ಕಳಚಿದರೆ ಹಾಕಿಕೊಳ್ಳಲು ನನಗೆ ಬರುವುದಿಲ್ಲ. ಅಂಥ ನಾನು ಎಪ್ಪತ್ತರ ದಶಕದಲ್ಲಿ ಒಂದು ಫಾರಿನ್ ಕಾರಿನ ಗೇರುಪೆಟ್ಟಿಗೆಗೆ ಸಲಹೆಗಾರನಾಗಿದ್ದೆ ಎಂದರೆ ನೀವು ನಗಬಹುದು. ನಗಿ, ಚಿತ್ರದುರ್ಗದಲ್ಲಿ ಆಗಲೇ ಸಾಕಷ್ಟು ಜನ ನಕ್ಕಾಗಿದೆ.

ತಪ್ಪು ನನ್ನದಲ್ಲ, ಹೈಸ್ಕೂಲಿನ ವಿಜ್ಞಾನ ಪಾಠದ್ದು. ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ವಿದ್ಯುತ್ ಹರಿಸಿ, ಕಬ್ಬಿಣದ ಕಡ್ಡಿ ಟಕ್ಕೆಂದು ಅದರೊಳಗೆ ಜಿಗಿಯುವುದನ್ನು ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತಿದ್ದೆ. ಸೊಲೆನಾಯ್ಡ್ ಎಂದು ಅದರ ಹೆಸರು. ಆ ಹೆಸರು ಹೇಳುವಾಗ ನನ್ನ ಕತ್ತು ಒಂದು ಅಂಗುಲ ಉದ್ದವಾಗುತ್ತಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ನಮ್ಮ ಮನೆಯೆದುರು ಬಾಷಾ ಸಾಬರ ಗ್ಯಾರೇಜು. ಅಲ್ಲಿಗೊಂದು ದಿನ ಮಾಡದಕೆರೆಯ ಮೈಲಾರಪ್ಪ ಬಂದ. ದೊಡ್ಡ ಕುರಿಹಿಂಡಿನ ಒಡೆಯ. ಊರು ಬಿಟ್ಟು ಹೊರಟ ಗಣಿ ಸಾಹೇಬನೊಬ್ಬನಿಂದ, ಕ್ಲಚ್ಚೇ ಇಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಕಾರು ಕೊಂಡಿದ್ದ. ಶೋಕಿಗಲ್ಲ. ಅವನ ಅವ್ವ ಕೆಂಚಮ್ಮನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರದೆ, ಹಿರಿಯೂರಿನ ಮಗಳು ಹೆತ್ತ ಕೂಸನ್ನು ಆಕೆ ಇನ್ನೂ ನೋಡಿರಲಿಲ್ಲ. ಕಾರು ಬಂದರೂ ಉಪಯೋಗವಾಗಲಿಲ್ಲ. ಅದು ಮೇಲಿನ ಗೇರಿಗೆ ಹೋಗದೆ ತೋಳದಂತೆ ಊಳಿಡುತ್ತಿತ್ತು. ಜೀವಮಾನವೆಲ್ಲ ಕುರಿ ಸಾಕಿದ ಆಕೆ, ತೋಳದ ದನಿಯ ಗಾಡಿಯಲ್ಲಿ ಕೂರುವುದಿಲ್ಲ ಎಂದುಬಿಟ್ಟಿದ್ದಳು.

ಕಾರಿನೊಂದಿಗೆ ಬಂದ ಇಂಗ್ಲಿಷ್ ಪುಸ್ತಕ ಓದಲು ಸಾಬರು ನನ್ನನ್ನು ಕರೆದರು. ಆಕ್ಸಿಲರೇಟರಿನ ಕೆಳಗೆ, ನೆಲದಲ್ಲಿ, ಒಂದು ಗುಂಡಿ ಇದೆಯಂತೆ. ಮುಂದಿನ ಗಾಡಿಯನ್ನು ದಾಟಬೇಕಾದಾಗ ಪೆಡಲನ್ನು ಪೂರ್ತಿ ತುಳಿದರೆ ಗುಂಡಿ ಒತ್ತಿ, ಗೇರುಪೆಟ್ಟಿಗೆಯ ಸೊಲೆನಾಯ್ಡಿಗೆ ಕರೆಂಟು ಹರಿದು, ಗೇರು ಕೆಳಗಿಳಿಯುತ್ತದೆ. ಮುಂದೆ ಓದುವ ತಾಳ್ಮೆ ಯಾರಿಗಿದೆ? ಸೊಲೆನಾಯ್ಡ್ ಕಚ್ಚಿಕೊಂಡಿದೆ ಎಂದು ತೀರ್ಪು ಕೊಟ್ಟೆ.

ಸಾಬರು ಆಯಿಲ್ ಇಳಿಸಿ ಅದನ್ನು ಬಿಚ್ಚಿ ಬ್ಯಾಟರಿಗೆ ಹಿಡಿದರು. ಟಕ್ ಎಂದಿತು, ಅಂದರೆ ಕೆಟ್ಟಿರಲಿಲ್ಲ. ಆದರೂ ನನ್ನ ಮರ್ಯಾದೆಗೆಂದು ತೊಳೆದು ಹಾಕಿ, ಜೋಗಿಮಟ್ಟಿ ರಸ್ತೆಯಲ್ಲಿ ಓಡಿಸಿ ನೋಡಿದರು. ಕಾರು ಸದ್ದಿಲ್ಲದೆ ಓಡಿತು. ನನ್ನ ಕತ್ತು ಎರಡು ಅಂಗುಲ ಬೆಳೆಯಿತು. ಮೂರನೆಯ ದಿನ ಮೈಲಾರಪ್ಪ ಊಳಿಡುವ ಕಾರಿನೊಂದಿಗೆ ಮತ್ತೆ ಬಾಗಿಲಲ್ಲಿದ್ದ. ಮತ್ತೆ ಬಿಚ್ಚಿದೆವು, ಮತ್ತೆ ಸಾಬರ ಕೈಯಲ್ಲಿ ಸರಿಯಾಯಿತು, ಮತ್ತೆ ವಾಪಸು ಬಂತು.

“ನನ್ನ ಕೈಯಾಗೆ ಕುರಿ ಆಗಿರ್ತೈತೆ, ಅವ್ನ ಕೈಯಾಗೆ ತೋಳ ಆಗ್ತೈತೆ. ಈ ಸಲ ನಾವೂ ಜೊತಿಗೆ ಹೋಗಾಣ ನಡೀರಿ ಮೇಷ್ಟ್ರೆ,” ಎಂದರು ಸಾಬರು.

ಸೊಲೆನಾಯ್ಡಿನ ತಂತಿಗೆ ಒಂದು ಪುಟ್ಟ ಬಲ್ಬು ಕಟ್ಟಿ ನನ್ನ ಕೈಗೆ ಕೊಟ್ಟರು. ಕರೆಂಟು ಹರಿದರೆ ಅದು ಉರಿಯಬೇಕು. ಹೊಳಲ್ಕೆರೆಯವರೆಗೆ ಸಾಬರೇ ಓಡಿಸಿದರು, ಬಲ್ಬು ಉರಿಯಲಿಲ್ಲ. ಚಹಾ ಕುಡಿದ ಮೇಲೆ ಮೈಲಾರಪ್ಪ ಸ್ಟೀರಿಂಗ್ ಹಿಡಿಯಲು ಬಂದ. ಮೊದಲು ಚಪ್ಪಲಿ ಬಿಟ್ಟ. ಹಿಂದಿನ ಸೀಟಿನಿಂದ ಕರಿ ಕಂಬಳಿ ತೆಗೆದು ಕಣ್ಣಿಗೊತ್ತಿಕೊಂಡ. ಅವ್ವ ನೂತ ಉಣ್ಣೆಯದು. ಕಾರು ಮನೆಗೆ ಬಂದ ದಿನ ಅದನ್ನೇ ಗದ್ದುಗೆ ಹಾಸಿ ಪೂಜೆ ಮಾಡಿದ್ದರಂತೆ. ಅಂದಿನಿಂದ ಅದು ಗಾಡಿಯಲ್ಲೇ. ಅದನ್ನು ನಾಲ್ಕು ಮಡಿಕೆ ಮಾಡಿ ಪೆಡಲುಗಳ ಕೆಳಗೆ ಹಾಸಿ, ಬರಿಗಾಲಲ್ಲಿ ಕುಳಿತ. ಕಾರು ಹೊರಟಿತು, ಬಲ್ಬು ಉರಿಯಿತು.

ಸಾಬರು ಬಗ್ಗಿ ಕಂಬಳಿಯ ಅಂಚು ಎತ್ತಿದರು. ಬಲ್ಬು ಆರಿತು. ಬಿಟ್ಟರು, ಹತ್ತಿತು. ಪೆಡಲು ಅರ್ಧ ಇಳಿಯುವಷ್ಟರಲ್ಲೇ ದಪ್ಪ ಕಂಬಳಿ ಗುಂಡಿಯನ್ನು ಒತ್ತುತ್ತಿತ್ತು. ಗ್ಯಾರೇಜಿಗೆ ಬಂದಾಗಲೆಲ್ಲ ಸಾಬರು, ಪೂಜೆಯ ಕಂಬಳಿಯನ್ನು ಬೂಟುಗಾಲಲ್ಲಿ ತುಳಿಯಬಾರದೆಂದು ಮೊದಲು ಅದನ್ನೇ ತೆಗೆದು ಹಿಂದಿನ ಸೀಟಿನಲ್ಲಿ ಭದ್ರವಾಗಿ ಎತ್ತಿಡುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾವು ಗೇರುಪೆಟ್ಟಿಗೆಯೊಳಗೂ ಹುಡುಕಿದ್ದೆವು.

ಸಾಬರು ನಕ್ಕರು. ಮೈಲಾರಪ್ಪ ನಗಲಿಲ್ಲ. ನಿನ್ನ ಕಂಬಳಿಯೇ ತೋಳ ಎಂದು ಅವ್ವನಿಗೆ ಹೇಳುವುದು ಹೇಗೆ? ಅಪಶಕುನವೆಂದು ಆಕೆ ಇನ್ನೆಂದೂ ಕಾರು ಹತ್ತದೆ ಹೋದರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಓದಿದವರೇ ಹೇಳಲಿ ಎಂದು ಇಬ್ಬರೂ ಸೇರಿ ನನ್ನನ್ನು ಮುಂದೆ ತಳ್ಳಿದರು. ನಿಜ ಹೇಳುತ್ತೇನೆ, ಇನ್‌ಸ್ಪೆಕ್ಟರರ ಎದುರು ಪಾಠ ಮಾಡುವಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಕೆಂಚಮ್ಮ ಮಾಡದಕೆರೆಯ ಮನೆಯ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ತಾಮ್ರದ ಸುರುಳಿಯಿಂದ ಶುರುಮಾಡಿ, ಕಬ್ಬಿಣದ ಕಡ್ಡಿ ಹಾಯ್ದು, ಬೆವರುತ್ತ ಕಂಬಳಿಗೆ ಬಂದು ನಿಂತೆ. ಆಕೆಯ ಕೈ ನಿಲ್ಲಲಿಲ್ಲ. ಕೊನೆಗೆ ಮಗನ ಕಡೆ ತಿರುಗಿದಳು.

“ಲೇ, ಕಂಬಳಿ ಹಾಸಿ ಯಾರ್ನ ಕುಂಡ್ರುಸ್ತಾರೆ?”

“ದೇವ್ರನ್ನ. ಹಿರೇರ್ನ.”

“ಮತ್ತೆ ನಿನ್ನ ಕಾಲಿಗ್ಯಾಕೆ ಹಾಸ್ಕಂಡಿ? ತಗದು ಸೀಟಿನ ಮ್ಯಾಲೆ ಹಾಕು. ನಾನು ಕುಂತ್ಕಂತೀನಿ.”

ಮುಂದಿನ ಸೀಟಿನಲ್ಲಿ ಕಂಬಳಿಯ ಮೇಲೆ ಆಕೆ, ಹಿಂದೆ ನಾವಿಬ್ಬರು. ಹಿರಿಯೂರಿನ ದಾರಿಯುದ್ದಕ್ಕೂ ಕಾರು ತಾನಾಗಿ ಗೇರು ಏರಿಸಿಕೊಂಡು ಮೆತ್ತಗೆ ಓಡಿತು. ಅರ್ಧ ದಾರಿಯಲ್ಲಿ ಆಕೆ ಹಿಂದಕ್ಕೆ ತಿರುಗಿ, ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ, ಮಕ್ಕಳಿಗೂ ಹೀಗೇ ಹೇಳುತ್ತೀರಾ ಎಂದು ಕೇಳಿದಳು.

ಮಗಳ ಮನೆಯಲ್ಲಿ ಆಕೆ ಮೊದಲು ಕಂಬಳಿ ಹಾಸಿ, ಅದರ ಮೇಲೆ ಕೂಸನ್ನು ಮಲಗಿಸಿ, ಕಣ್ತುಂಬ ನೋಡಿದಳು. ಕೂಸು ಕಾಲಾಡಿಸಿತು, ನೋಡನೋಡುತ್ತಲೇ ಕಂಬಳಿಯನ್ನು ಒದ್ದೆ ಮಾಡಿತು. ಪೂಜೆಯ ಕಂಬಳಿ ಎಂದು ಮೈಲಾರಪ್ಪ ಗಾಬರಿಯಾಗಿ ಮುಂದೆ ಬಂದ. ಕೆಂಚಮ್ಮ ಅವನ ಕೈ ಸರಿಸಿದಳು.

“ಬಿಡಪ್ಪ. ಇವತ್ತು ಗದ್ದುಗಿ ಮ್ಯಾಲೆ ಕುಂತಾಕಿ ಇವ್ಳೇ.”